ಯೂರಿ ಗಗಾರಿನ್: ನೂರೆಂಟು ನಿಮಿಷ ಮತ್ತು ಆಮೇಲೆ

ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯಾರು ಎಂದು ಕ್ವಿಜ್‌ನಲ್ಲಿ ಕೇಳಿದರೆ ಉತ್ತರ ಹೇಳಲು ನಾವೆಲ್ಲರೂ ಮುಂದು. ಯೂರಿ ಗಗಾರಿನ್, 1961ರ ಏಪ್ರಿಲ್ 12. ಒಂದು ಅಂಕ ಸಿಕ್ಕಿತು, ಮುಂದಿನ ಪ್ರಶ್ನೆ. ಅಲ್ಲಿ ಅವರಿಗೆ ಏನು ಕಂಡಿತು, ಏನನ್ನಿಸಿತು, ಬಂದ ಮೇಲೆ ಅದನ್ನು ಹೇಗೆ ಹೇಳಿದರು ಎಂದು ಯಾರೂ ಕೇಳುವುದಿಲ್ಲ. ಈ ಸಂಚಿಕೆಗಾಗಿ ಅವರ ಜೀವನವನ್ನು ಓದುತ್ತಾ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ವಿಷಯ. ಯಾರೂ ನೋಡದ್ದನ್ನು ನೋಡಿ ಬಂದ ಆ ಮನುಷ್ಯನಿಗೆ ನೋಡಿದ್ದನ್ನೆಲ್ಲ ಹೇಳುವ ಸ್ವಾತಂತ್ರ್ಯ ಇರಲಿಲ್ಲ. ಜೊತೆಗೆ ಅವರು ಹೇಳದೇ ಇದ್ದ ಮಾತನ್ನು ಅವರ ಬಾಯಿಗೆ ಹಾಕಿದವರೂ ಇದ್ದರು.

ಯೂರಿ ಹುಟ್ಟಿದ್ದು 1934ರ ಮಾರ್ಚ್ 9ರಂದು, ರಷ್ಯಾದ ಸ್ಮೊಲೆನ್ಸ್ಕ್ ಪ್ರಾಂತ್ಯದ ಕ್ಲೂಶಿನೊ ಎಂಬ ಹಳ್ಳಿಯಲ್ಲಿ. ತಂದೆ ಅಲೆಕ್ಸಿ ಬಡಗಿ. ತಾಯಿ ಅನ್ನಾ ಸಾಮೂಹಿಕ ಕೃಷಿ ಕ್ಷೇತ್ರದ ಹಸುಗಳ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದರು. ನಾಲ್ಕು ಮಕ್ಕಳಲ್ಲಿ ಯೂರಿ ಮೂರನೆಯವನು. ಅವನಿಗೆ ಏಳು ವರ್ಷ ಆಗಿದ್ದಾಗ, 1941ರ ಅಕ್ಟೋಬರ್‌ನಲ್ಲಿ, ಜರ್ಮನ್ ಸೈನ್ಯ ಹಳ್ಳಿಯನ್ನು ವಶಪಡಿಸಿಕೊಂಡಿತು. ಮನೆಯನ್ನು ಸೈನಿಕರು ತೆಗೆದುಕೊಂಡರು. ಕುಟುಂಬ ಹಿತ್ತಲಿನಲ್ಲಿ ಮಣ್ಣು ತೋಡಿ, ಸುಮಾರು ಮೂರು ಮೀಟರ್ ಉದ್ದ ಮೂರು ಮೀಟರ್ ಅಗಲದ ಗುಂಡಿಯೊಂದರಲ್ಲಿ ಒಂದೂಮುಕ್ಕಾಲು ವರ್ಷ ಬದುಕಿತು. ತಮ್ಮ ಬೋರಿಸ್‌ನನ್ನು ಒಬ್ಬ ಸೈನಿಕ ಅವನದೇ ಕುತ್ತಿಗೆಯ ಶಾಲಿನಿಂದ ಸೇಬಿನ ಮರಕ್ಕೆ ನೇತುಹಾಕಿದ. ತಾಯಿ ಓಡಿಬಂದು ಹೇಗೋ ಬಿಡಿಸಿಕೊಂಡರು, ಮಗು ಬದುಕಿತು. ಅಣ್ಣನನ್ನೂ ಅಕ್ಕನನ್ನೂ ದುಡಿಸಿಕೊಳ್ಳಲು ಪೋಲೆಂಡಿಗೆ ಎಳೆದೊಯ್ದರು. ಯುದ್ಧ ಮುಗಿದ ಮೇಲೆಯೇ ಅವರು ಮನೆ ಸೇರಿದ್ದು.

ಈ ನಡುವೆ ಒಂದು ದಿನ ಸೋವಿಯತ್ ಯುದ್ಧವಿಮಾನವೊಂದು ಪೆಟ್ಟು ತಿಂದು ಹಳ್ಳಿಯ ಹತ್ತಿರ ಇಳಿಯಿತು. ಮಕ್ಕಳೆಲ್ಲ ಓಡಿಹೋಗಿ ಆ ವಿಮಾನವನ್ನೂ ಅದರ ಚಾಲಕರನ್ನೂ ಸುತ್ತುವರಿದರು. ಯೂರಿಯ ತಲೆಯಲ್ಲಿ ಹಾರಾಟದ ಹುಚ್ಚು ಹೊಕ್ಕಿದ್ದು ಅಂದೇ ಎನ್ನುತ್ತಾರೆ.

ಹುಚ್ಚಿದ್ದರೆ ಸಾಲದು, ಹೊಟ್ಟೆಪಾಡೂ ನಡೆಯಬೇಕಲ್ಲ. ಹದಿನಾರನೇ ವಯಸ್ಸಿಗೆ ಅವರು ಮಾಸ್ಕೋ ಹತ್ತಿರದ ಲ್ಯೂಬೆರ್ಟ್ಸಿಯ ಕಾರ್ಖಾನೆಯಲ್ಲಿ ಎರಕದ ಕೆಲಸ ಕಲಿಯಲು ಸೇರಿದರು. ಅಲ್ಲಿಂದ ವೋಲ್ಗಾ ನದಿ ದಂಡೆಯ ಸರಾತೊವ್ ನಗರದ ತಾಂತ್ರಿಕ ಶಾಲೆಗೆ ಹೋದರು. ಅಂದರೆ ಇವತ್ತಿನ ನಮ್ಮ ಐಟಿಐ, ಡಿಪ್ಲೊಮಾ ಹುಡುಗರ ದಾರಿಯೇ. ಸರಾತೊವ್‌ನಲ್ಲಿ ಒಂದು ವಿಮಾನ ಹಾರಾಟದ ಕ್ಲಬ್ ಇತ್ತು. ಓದಿನ ಜೊತೆಗೇ ಅಲ್ಲಿ ಸೇರಿ 1955ರಲ್ಲಿ ಮೊದಲ ಬಾರಿ ಒಬ್ಬರೇ ವಿಮಾನ ಹಾರಿಸಿದರು. ನಂತರ ಒರೆನ್‌ಬರ್ಗ್‌ನ ಸೇನಾ ವಿಮಾನ ಶಾಲೆ. ಅಲ್ಲಿ ಅವರಿಗೆ ವಿಮಾನ ಇಳಿಸುವುದೇ ಕಷ್ಟವಾಗಿತ್ತು. ಎತ್ತರ ಕಡಿಮೆ ಇದ್ದುದರಿಂದ ರನ್‌ವೇ ಸರಿಯಾಗಿ ಕಾಣುತ್ತಿರಲಿಲ್ಲ. ಶಾಲೆಯಿಂದ ಹೊರಹಾಕುವ ಮಾತೂ ಬಂದಿತ್ತು. ಸೀಟಿನ ಮೇಲೆ ಒಂದು ದಿಂಬು ಹಾಕಿ ಕೂರಿಸಿದ ಮೇಲೆ ಸಮಸ್ಯೆ ಬಗೆಹರಿಯಿತು! 1957ರಲ್ಲಿ ಪದವಿ, ಅದೇ ವರ್ಷ ವಲೆಂಟೀನಾ ಜೊತೆ ಮದುವೆ, ಆಮೇಲೆ ನಾರ್ವೆ ಗಡಿಯ ಹತ್ತಿರದ ಕೊರೆಯುವ ಚಳಿಯ ವಾಯುನೆಲೆಯಲ್ಲಿ ಕೆಲಸ.

1959ರಲ್ಲಿ ಕೆಲವು ವೈದ್ಯರು ಆ ನೆಲೆಗೆ ಬಂದು ಚಾಲಕರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದರು. ಯಾವುದಕ್ಕೆ ಎಂದು ಬಿಡಿಸಿ ಹೇಳಲಿಲ್ಲ. ಸೋವಿಯತ್ ಒಕ್ಕೂಟದಾದ್ಯಂತ ಹೀಗೆ ಜಾಲಾಡಿ 1960ರಲ್ಲಿ ಇಪ್ಪತ್ತು ಜನರನ್ನು ಆರಿಸಿದರು. ಅವರಲ್ಲಿ ಗಗಾರಿನ್ ಒಬ್ಬರು. ಈ ಕೆಲಸದ ಹಿಂದಿದ್ದ ಮುಖ್ಯ ವಿನ್ಯಾಸಕಾರ ಸೆರ್ಗೆಯ್ ಕೊರೊಲ್ಯೊವ್. ಸ್ಟಾಲಿನ್ ಕಾಲದಲ್ಲಿ ಮಾಡದ ತಪ್ಪಿಗೆ ಸೈಬೀರಿಯಾದಾಚೆಯ ಕೊಲಿಮಾದ ಶಿಬಿರದಲ್ಲಿ ಸೆರೆಯಾಗಿ ಬಂದಿದ್ದವರು. ಅವರ ಹೆಸರು ಅವರು ಸಾಯುವವರೆಗೂ ಪತ್ರಿಕೆಗಳಲ್ಲಿ ಬರಲಿಲ್ಲ. ಜಗತ್ತಿಗೆ ಅವರು ಬರೀ ಮುಖ್ಯ ವಿನ್ಯಾಸಕಾರ, ಅಷ್ಟೇ.

ಎಲ್ಲವೂ ಗುಟ್ಟು. ಹಾರಾಟಕ್ಕೆ ಇನ್ನು ಮೂರೇ ವಾರ ಇರುವಾಗ, 1961ರ ಮಾರ್ಚ್ 23ರಂದು, ಆ ಇಪ್ಪತ್ತು ಜನರಲ್ಲಿ ಕಿರಿಯರಾದ ವಲೆಂಟಿನ್ ಬೊಂಡಾರೆಂಕೊ ತರಬೇತಿಯ ಕೊಠಡಿಯಲ್ಲಿ ಬೆಂಕಿ ಹೊತ್ತಿಕೊಂಡು ತೀರಿಕೊಂಡರು. ಅಲ್ಲಿಯ ಗಾಳಿಯಲ್ಲಿ ಆಮ್ಲಜನಕ ಬಹಳ ಹೆಚ್ಚಿತ್ತು. ಆ ಸಾವಿನ ಸುದ್ದಿ ಹೊರಬಂದದ್ದು 1986ರಲ್ಲಿ. ಗಗಾರಿನ್ ಮತ್ತು ಗೆಳೆಯರು ಇದನ್ನು ಎದೆಯಲ್ಲಿಟ್ಟುಕೊಂಡೇ ಮುಂದಿನ ತಯಾರಿ ಮಾಡಿದರು.

ಏಪ್ರಿಲ್ 10ರಂದು ಗಗಾರಿನ್ ಹೆಂಡತಿಗೆ ಒಂದು ಪತ್ರ ಬರೆದರು. ಹಿರಿಯ ಮಗಳು ಯೆಲೆನಾಗೆ ಆಗ ಎರಡು ವರ್ಷ, ಕಿರಿಯವಳು ಗಾಲ್ಯಾ ಹುಟ್ಟಿ ಒಂದು ತಿಂಗಳು. ಯಂತ್ರದ ಮೇಲೆ ತನಗೆ ಪೂರ್ತಿ ನಂಬಿಕೆ ಇದೆ, ಆದರೆ ಸಮತಟ್ಟು ನೆಲದಲ್ಲಿ ನಡೆಯುವಾಗಲೂ ಮನುಷ್ಯ ಎಡವಿ ಬಿದ್ದು ಸಾಯಬಹುದಲ್ಲ ಎಂದು ಅದರಲ್ಲಿ ಬರೆದಿದ್ದರು. ತನಗೆ ಏನಾದರೂ ಆದರೆ ದುಃಖದಲ್ಲಿ ಮುಳುಗಬೇಡ, ಹೆಣ್ಣುಮಕ್ಕಳನ್ನು ಮುದ್ದಿನ ರಾಜಕುಮಾರಿಯರಂತೆ ಅಲ್ಲ, ನಿಜವಾದ ಮನುಷ್ಯರಾಗಿ ಬೆಳೆಸು, ನಿನ್ನ ಮುಂದಿನ ಬದುಕನ್ನು ನಿನ್ನ ಮನಸ್ಸು ಹೇಳಿದಂತೆ ನಡೆಸು ಎಂದಿದ್ದರು. ಈ ಪತ್ರದ ವಿಷಯಕ್ಕೆ ಮತ್ತೆ ಬರುತ್ತೇನೆ.

ಏಪ್ರಿಲ್ 12ರ ಬೆಳಗ್ಗೆ ಬೈಕನೂರಿನಲ್ಲಿ ಗಗಾರಿನ್ ವೋಸ್ತೋಕ್ ನೌಕೆಯೊಳಗೆ ಕುಳಿತರು. ಸುಮಾರು 2.3 ಮೀಟರ್ ಅಡ್ಡಳತೆಯ ಒಂದು ಚೆಂಡು ಅದು. ಬಾಗಿಲು ಹಾಕಿದಾಗ ಸರಿಯಾಗಿ ಮುಚ್ಚಿದೆ ಎಂಬ ಸೂಚನೆ ಬರಲಿಲ್ಲ. ಮೂವತ್ತು ಬೋಲ್ಟುಗಳನ್ನು ಬಿಚ್ಚಿ ಮತ್ತೆ ಬಿಗಿದರು. ಅಷ್ಟು ಹೊತ್ತು ಅವರು ಒಳಗೆ ಶಿಳ್ಳೆ ಹಾಕುತ್ತಾ ಕುಳಿತಿದ್ದರು. ನೌಕೆ ನಡೆಸುವ ಕೆಲಸವೆಲ್ಲ ತಾನಾಗಿಯೇ ಆಗಬೇಕಿತ್ತು. ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನಿಗೆ ಬುದ್ಧಿ ಕೆಡಬಹುದೆಂಬ ಭಯದಿಂದ ಕೈಯಿಂದ ನಡೆಸುವ ನಿಯಂತ್ರಣಕ್ಕೆ ಬೀಗ ಹಾಕಿ, ಅದನ್ನು ತೆರೆಯುವ ಅಂಕಿಗಳನ್ನು ಲಕೋಟೆಯಲ್ಲಿಟ್ಟಿದ್ದರು. ಆದರೆ ಹೊರಡುವ ಮೊದಲೇ ಆ ಅಂಕಿಗಳನ್ನು, 1, 2, 5, ಅವರ ಕಿವಿಯಲ್ಲಿ ಉಸುರಿದವರು ಒಬ್ಬರಲ್ಲ. ನಿಯಮ ಮಾಡಿದವರಿಗೇ ಆ ನಿಯಮದ ಮೇಲೆ ನಂಬಿಕೆ ಇರಲಿಲ್ಲ ಎಂದು ಕಾಣುತ್ತದೆ.

ಮಾಸ್ಕೋ ಸಮಯ 9 ಗಂಟೆ 7 ನಿಮಿಷಕ್ಕೆ ರಾಕೆಟ್ ಮೇಲೆದ್ದಿತು. ನಡೆಯಿರಿ, ಹೊರಟೆವು ಎಂಬ ಅರ್ಥದ ಒಂದೇ ಒಂದು ಮಾತನ್ನು ಗಗಾರಿನ್ ಹೇಳಿದರು. ಬಸ್ಸು ಹತ್ತಿ ಕುಳಿತವರು ಡ್ರೈವರಿಗೆ ಹೇಳುವಂಥ ಮಾತು ಅದು. ರಷ್ಯನ್ನರು ಇಂದಿಗೂ ಅದನ್ನು ಮರೆತಿಲ್ಲ.

ಮುಂದಿನ ಕಥೆಯನ್ನು ಗಗಾರಿನ್ ಎರಡು ಸಲ ಹೇಳಿದ್ದಾರೆ. ಒಂದು, ಅದೇ ವರ್ಷ ಪ್ರಾವ್ದಾ ಪತ್ರಿಕೆಯವರ ನೆರವಿನಿಂದ ಬಂದ ಅವರ ಪುಸ್ತಕ. ಎಲ್ಲವೂ ಸರಿ, ಎಲ್ಲವೂ ಸುಂದರ. ಇನ್ನೊಂದು, ಹಾರಾಟದ ಮರುದಿನ, ಏಪ್ರಿಲ್ 13ರಂದು, ವಿಜ್ಞಾನಿಗಳ ಮುಂದೆ ಕೊಟ್ಟ ವರದಿ. ಇದನ್ನು ಸುಮಾರು ಮೂವತ್ತು ವರ್ಷ ಕಪಾಟಿನಲ್ಲಿ ಮುಚ್ಚಿಟ್ಟಿದ್ದರು. ನನಗೆ ಎರಡನೆಯದೇ ಹೆಚ್ಚು ಇಷ್ಟ. ಅದರಲ್ಲಿ ಅಲಂಕಾರ ಇಲ್ಲ. ಲ್ಯಾಬ್ ರೆಕಾರ್ಡ್ ಬರೆಯುವ ವಿದ್ಯಾರ್ಥಿಯಂತೆ, ಕಂಡದ್ದನ್ನು ಕಂಡ ಹಾಗೆ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ.

ತೂಕವಿಲ್ಲದ ಸ್ಥಿತಿ ಹೇಗಿತ್ತು? ಬೆಲ್ಟುಗಳಲ್ಲಿ ಮಲಗಿದಂತೆ ತೂಗುಬಿದ್ದ ಅನುಭವ ಎಂದು ಅವರು ವಿವರಿಸಿದರು. ಮೊದಲು ಸ್ವಲ್ಪ ವಿಚಿತ್ರ ಅನ್ನಿಸಿತು, ಬೇಗ ರೂಢಿಯಾಯಿತು. ಸ್ವಲ್ಪ ತಿಂದರು, ನೀರು ಕುಡಿದರು. ಮನುಷ್ಯ ಅಲ್ಲಿ ನುಂಗಬಲ್ಲನೇ ಎಂಬುದೂ ಆಗ ಯಾರಿಗೂ ಖಚಿತವಿರಲಿಲ್ಲ. ಬರೆಯಲು ನೋಟ್‌ಬುಕ್ ಮತ್ತು ಪೆನ್ಸಿಲ್ ಇತ್ತು. ಬರೆದಾಗ ಅಕ್ಷರ ಕೆಡಲಿಲ್ಲ, ಆದರೆ ಪುಸ್ತಕವನ್ನು ಕೈಯಲ್ಲಿ ಹಿಡಿಯದಿದ್ದರೆ ಅದು ತೇಲಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಪೆನ್ಸಿಲ್ಲೇ ಇಲ್ಲ! ಅದನ್ನು ಕಟ್ಟಿದ್ದ ಸ್ಕ್ರೂ ಬಿಚ್ಚಿಕೊಂಡು ಅದು ಎಲ್ಲೋ ಹಾರಿಹೋಗಿತ್ತು. ನೋಟ್‌ಬುಕ್ ಮುಚ್ಚಿ ಜೇಬಿಗೆ ಹಾಕಿಕೊಂಡು ಟೇಪ್ ರೆಕಾರ್ಡರ್‌ನಲ್ಲಿ ಮಾತಾಡತೊಡಗಿದರು. ಅದರ ಟೇಪೂ ಮುಗಿಯುತ್ತಾ ಬಂತು. ಹಿಂದಕ್ಕೆ ಸುತ್ತಿ, ಮೊದಲು ಹೇಳಿದ್ದರ ಮೇಲೆಯೇ ಮತ್ತೆ ಮಾತು ತುಂಬಿದರು. ಮಾನವಕುಲದ ಮೊದಲ ಬಾಹ್ಯಾಕಾಶ ಟಿಪ್ಪಣಿಗಳ ಒಂದಷ್ಟು ಭಾಗ ಹೀಗೆ ಅಳಿಸಿಹೋಯಿತು. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ ಪೆನ್ನು ಕೈಕೊಡುವುದು ನೆನಪಾಗುತ್ತದೆ.

ಇಲ್ಲಿ ಒಂದು ಮಾತು. ತೂಕ ಇಲ್ಲ ಎಂದರೆ ಗುರುತ್ವ ಇಲ್ಲ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಗಗಾರಿನ್ ಏರಿದ ಗರಿಷ್ಠ ಎತ್ತರ ಸುಮಾರು 327 ಕಿಲೋಮೀಟರ್. ಪ್ರಥಮ ಪಿಯುಸಿಯ ಗುರುತ್ವಾಕರ್ಷಣೆ ಪಾಠದ ಸೂತ್ರದಲ್ಲಿ ಇದನ್ನು ಹಾಕಿ ನೋಡಿ, ಅಲ್ಲಿಯೂ ಭೂಮಿಯ ಸೆಳೆತ ನೆಲದ ಮೇಲಿನ ಹತ್ತರಲ್ಲಿ ಒಂಬತ್ತು ಪಾಲು ಇದ್ದೇ ಇರುತ್ತದೆ. ಸೆಕೆಂಡಿಗೆ ಸುಮಾರು ಎಂಟು ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಹೋಗುತ್ತಾ ನೌಕೆಯೂ ಅದರೊಳಗಿನ ಮನುಷ್ಯನೂ ಒಟ್ಟಿಗೆ ಬೀಳುತ್ತಲೇ ಇರುತ್ತಾರೆ. ಒಟ್ಟಿಗೆ ಬೀಳುವಾಗ ಸೀಟು ಅವರನ್ನು ಮೇಲಕ್ಕೆ ಒತ್ತುವುದಿಲ್ಲ, ಅದಕ್ಕೇ ತೂಕ ತಿಳಿಯುವುದಿಲ್ಲ.

ಕಿಟಕಿಯಲ್ಲಿ ಅವರು ಕಂಡದ್ದು: ಮೋಡಗಳು, ನೆಲದ ಮೇಲೆ ಬಿದ್ದ ಮೋಡಗಳ ನೆರಳು, ನದಿಗಳು, ಕಡಲ ತೀರ. ಭೂಮಿಯ ಅಂಚಿನಲ್ಲಿ ತೆಳು ನೀಲಿ. ಅದು ಕ್ರಮೇಣ ಗಾಢ ನೀಲಿಯಾಗಿ, ನೇರಳೆಯಾಗಿ, ಕೊನೆಗೆ ಕಡುಕಪ್ಪಾಗುತ್ತದೆ. ಭೂಮಿಯ ನೆರಳಿನೊಳಗೆ ಹೋದಾಗ ಒಮ್ಮೆಲೇ ಕತ್ತಲು. ಪೆಸಿಫಿಕ್ ಸಾಗರವನ್ನು ಆ ಕತ್ತಲಲ್ಲೇ ದಾಟಿದರು. ನೆರಳಿನಿಂದ ಹೊರಬರುವಾಗ ದಿಗಂತದಲ್ಲಿ ಕಿತ್ತಳೆ ಬಣ್ಣದ ಒಂದು ಗೆರೆ ಮೂಡಿ, ಅದು ಮತ್ತೆ ಬಣ್ಣ ಬಣ್ಣವಾಗಿ ನೀಲಿಗೆ ತಿರುಗಿತು. ಭೂಮಿ ನೀಲಿ ಎಂದು ನಮಗೆ ಚಿತ್ರ ನೋಡಿ ಗೊತ್ತು. ಅವರಿಗೆ ಅದನ್ನು ತೋರಿಸಲು ಹಿಂದಿನ ಯಾವ ಚಿತ್ರವೂ ಇರಲಿಲ್ಲ.

ಅವರು ಮೇಲೆ ಸುತ್ತುತ್ತಿರುವಾಗಲೇ ಕೆಳಗೆ ರೇಡಿಯೊ ಸುದ್ದಿ ಹೇಳಿತು. ಸೋವಿಯತ್ ಸುದ್ದಿಸಂಸ್ಥೆ ಮೂರು ಪ್ರಕಟಣೆಗಳನ್ನು ಮೊದಲೇ ಬರೆದಿಟ್ಟುಕೊಂಡಿತ್ತು: ಗೆದ್ದರೆ ಒಂದು, ಬೇರೆ ದೇಶದಲ್ಲಿ ಇಳಿದರೆ ಒಂದು, ಸತ್ತರೆ ಒಂದು. ರೇಡಿಯೊ ಅವರನ್ನು ಮೇಜರ್ ಗಗಾರಿನ್ ಎಂದಿತು. ಹಾರಾಟದ ಮಧ್ಯದಲ್ಲೇ ಬಡ್ತಿ ಕೊಟ್ಟಿದ್ದರು. ಊರಿನಲ್ಲಿ ತಂದೆ ಬಡಗಿ ಕೆಲಸಕ್ಕೆ ಹೊರಟಿದ್ದಾಗ ಯಾರೋ ಈ ಸುದ್ದಿ ಹೇಳಿದರಂತೆ. ಅದು ಬೇರೆ ಯಾರೋ ಇರಬೇಕು, ನನ್ನ ಮಗ ಇನ್ನೂ ಸೀನಿಯರ್ ಲೆಫ್ಟಿನೆಂಟ್ ಎಂದು ಅವರು ತಮ್ಮ ದಾರಿ ಹಿಡಿದರು ಎನ್ನುತ್ತಾರೆ.

ಅಪಾಯ ಬಂದದ್ದು ಇಳಿಯುವಾಗ. ಆಫ್ರಿಕಾದ ಹತ್ತಿರ ಬಂದಾಗ ವೇಗ ತಗ್ಗಿಸುವ ಎಂಜಿನ್ ಸುಮಾರು ನಲವತ್ತು ಸೆಕೆಂಡ್ ಉರಿಯಿತು. ಅದು ಉರಿಯದೇ ಇದ್ದಿದ್ದರೆ? ನೌಕೆಯಲ್ಲಿ ಹತ್ತು ದಿನದ ಊಟ ಇತ್ತು, ಅಷ್ಟರಲ್ಲಿ ಅದು ತಾನಾಗಿ ಕೆಳಗಿಳಿಯುತ್ತದೆ ಎಂಬ ಲೆಕ್ಕ. ಆದರೆ ಅಂದು ನೌಕೆ ಅಂದುಕೊಂಡದ್ದಕ್ಕಿಂತ ತುಂಬಾ ಎತ್ತರಕ್ಕೆ ಹೋಗಿತ್ತು, ಹತ್ತು ದಿನ ಸಾಲುತ್ತಿರಲಿಲ್ಲ. ಎಂಜಿನ್ ಉರಿಯಿತು, ಆದರೆ ನಂತರ ಕೆಲವೇ ಸೆಕೆಂಡುಗಳಲ್ಲಿ ಕಳಚಿಕೊಳ್ಳಬೇಕಿದ್ದ ಹಿಂಭಾಗ ಕಳಚಿಕೊಳ್ಳಲಿಲ್ಲ. ನೌಕೆ ಗಿರಗಿರನೆ ಸುತ್ತತೊಡಗಿತು. ಕಿಟಕಿಯಲ್ಲಿ ಒಮ್ಮೆ ಆಫ್ರಿಕಾ, ಒಮ್ಮೆ ದಿಗಂತ, ಒಮ್ಮೆ ಆಕಾಶ. ಕಣ್ಣಿಗೆ ಸೂರ್ಯನ ಬೆಳಕು ಬೀಳದಂತೆ ಮರೆಮಾಡಿಕೊಳ್ಳುವುದೇ ಒಂದು ಕೆಲಸವಾಯಿತು. ಹೀಗೆ ಸುಮಾರು ಹತ್ತು ನಿಮಿಷ.

ಆ ಹತ್ತು ನಿಮಿಷ ಅವರು ಮಾಡಿದ್ದೇನು ಗೊತ್ತೇ? ಲೆಕ್ಕ. ಇಲ್ಲಿಂದ ಸೋವಿಯತ್ ಗಡಿಗೆ ಸುಮಾರು ಆರು ಸಾವಿರ ಕಿಲೋಮೀಟರ್, ನಮ್ಮ ದೇಶದ ಉದ್ದ ಎಂಟು ಸಾವಿರ, ಹಾಗಾಗಿ ಎಲ್ಲೋ ಒಂದು ಕಡೆ ನಮ್ಮ ನೆಲದ ಮೇಲೆಯೇ ಬೀಳುತ್ತೇನೆ, ಗದ್ದಲ ಮಾಡುವ ಅಗತ್ಯವಿಲ್ಲ. ಎಲ್ಲ ಸರಿಯಿದೆ ಎಂದೇ ಕೆಳಗೆ ಸಂಕೇತ ಕಳಿಸಿದರು. ಕೊನೆಗೆ ಹಿಂಭಾಗ ಕಳಚಿಕೊಂಡಿತು. ವಾತಾವರಣಕ್ಕೆ ನುಗ್ಗುವಾಗ ಕಿಟಕಿಯ ಪರದೆಯ ಸಂದಿಯಲ್ಲಿ ಕೆಂಪು ಬೆಳಕು ಕಂಡಿತು, ಚಟಚಟ ಸದ್ದು ಕೇಳಿತು. ದೇಹದ ಮೇಲಿನ ಒತ್ತಡ ಹತ್ತು ಪಟ್ಟು ದಾಟಿದಾಗ ಒಂದೆರಡು ಸೆಕೆಂಡ್ ಕಣ್ಣು ಮಂಜಾಯಿತು. ಏಳು ಕಿಲೋಮೀಟರ್ ಎತ್ತರದಲ್ಲಿ ಸೀಟು ಸಮೇತ ಹೊರಗೆ ಚಿಮ್ಮಿ, ಪ್ಯಾರಾಶೂಟ್‌ನಲ್ಲಿ ಇಳಿಯತೊಡಗಿದರು. ಹೊರಗಿನ ಗಾಳಿ ಒಳಬಿಡುವ ಕವಾಟ ಬಟ್ಟೆಯೊಳಗೆ ಸಿಕ್ಕಿಕೊಂಡು ಕೆಲ ನಿಮಿಷ ಅದರೊಂದಿಗೂ ಗುದ್ದಾಡಬೇಕಾಯಿತು.

ಕೆಳಗೆ ನೋಡಿದರೆ ವೋಲ್ಗಾ ನದಿ. ಅವರು ಆರು ವರ್ಷ ಹಿಂದೆ ಹಾರಲು ಕಲಿತ ಅದೇ ಸರಾತೊವ್ ಸೀಮೆ! ಹೊಲದಲ್ಲಿ ಆಲೂಗಡ್ಡೆ ನೆಡುತ್ತಿದ್ದ ಒಬ್ಬ ಅಜ್ಜಿ, ಅವರ ಪುಟ್ಟ ಮೊಮ್ಮಗಳು, ಹತ್ತಿರ ಒಂದು ಕರು. ಕಿತ್ತಳೆ ಬಣ್ಣದ ಉಡುಪು, ಬಿಳಿ ಶಿರಸ್ತ್ರಾಣದ ಆಕೃತಿ ಕಂಡು ಅವರು ಹಿಂದೆ ಸರಿದರು. ತಾನು ಇಲ್ಲಿಯವನೇ, ಭಯಬೇಡ ಎಂದು ಕೂಗಿ ಹೇಳಿ ಗಗಾರಿನ್ ಅವರನ್ನು ನಿಲ್ಲಿಸಿದರು. ಬಾಹ್ಯಾಕಾಶದಿಂದ ಬಂದ ಮನುಷ್ಯನನ್ನು ಮೊದಲು ಮಾತಾಡಿಸಿದವರು ಇವರು.

ಈಗ ಹೇಳಬಾರದ ವಿಷಯಕ್ಕೆ ಬರೋಣ. ಹಾರಾಟದ ದಾಖಲೆ ಮಾನ್ಯವಾಗಬೇಕಾದರೆ ಚಾಲಕ ನೌಕೆಯೊಳಗೇ ಇಳಿದಿರಬೇಕು ಎಂಬುದು ಆಗಿನ ಅಂತರರಾಷ್ಟ್ರೀಯ ನಿಯಮ. ಆದ್ದರಿಂದ ಗಗಾರಿನ್ ನೌಕೆಯಲ್ಲೇ ಇಳಿದರು ಎಂದು ಸರ್ಕಾರ ಬರೆದುಕೊಟ್ಟಿತು. ಮಾಸ್ಕೋದ ಪತ್ರಿಕಾಗೋಷ್ಠಿಯಲ್ಲಿ ವರದಿಗಾರರು ಇದನ್ನೇ ಕೇಳಿದಾಗ ಅವರು ಸುತ್ತಿ ಬಳಸಿ ಉತ್ತರಿಸಿದರು. ಹಿಂಭಾಗ ಕಳಚಿಕೊಳ್ಳದ ಹತ್ತು ನಿಮಿಷದ ಮಾತೂ ಇಲ್ಲ. ಪ್ಯಾರಾಶೂಟಿನ ಸತ್ಯವನ್ನು ಸರ್ಕಾರ ಒಪ್ಪಿಕೊಂಡದ್ದು 1971ರಲ್ಲಿ. ಸತ್ಯ ಹೇಳಿದ್ದರೆ ಅವರ ಸಾಹಸ ಒಂದು ಕೂದಲಷ್ಟೂ ಕಡಿಮೆಯಾಗುತ್ತಿರಲಿಲ್ಲ, ಹೆಚ್ಚೇ ಆಗುತ್ತಿತ್ತು ಎಂದು ನನ್ನ ಅಭಿಪ್ರಾಯ.

ಇನ್ನು ಹೇಳದ ಮಾತು. ಬಾಹ್ಯಾಕಾಶಕ್ಕೆ ಹೋದೆ, ಅಲ್ಲಿ ದೇವರು ಕಾಣಲಿಲ್ಲ ಎಂದು ಗಗಾರಿನ್ ಹೇಳಿದರು ಎಂದು ಎಷ್ಟೋ ಪುಸ್ತಕಗಳಲ್ಲಿದೆ. ಹಾರಾಟದ ವೇಳೆ ಅವರು ಆಡಿದ ಮಾತುಗಳ ದಾಖಲೆಯಲ್ಲಿ ಅಂಥದ್ದು ಇಲ್ಲ. ಅದು ಆಗಿನ ನಾಯಕ ಕ್ರುಶ್ಚೇವ್ ಭಾಷಣದಲ್ಲಿ ಗಗಾರಿನ್ ಹೆಸರು ಹಿಡಿದು ಆಡಿದ ಮಾತು ಎಂದು ಅವರ ಗೆಳೆಯರೊಬ್ಬರು ನಂತರ ತಿಳಿಸಿದ್ದಾರೆ. ಎರಡನೆಯ ಸೋವಿಯತ್ ಗಗನಯಾತ್ರಿ ಗೆರ್ಮನ್ ತಿತೋವ್ 1962ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹಾಗೆ ಹೇಳಿದ್ದು ನಿಜ. ಒಬ್ಬರ ಮಾತು ಇನ್ನೊಬ್ಬರ ಲೆಕ್ಕಕ್ಕೆ ಬಿತ್ತು.

ನಗುವ ಮೊದಲು ನಮ್ಮ ಕಡೆಯೂ ನೋಡಿಕೊಳ್ಳಬೇಕು. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಅಜಾನ್ ಕೇಳಿ ಇಸ್ಲಾಂ ಸ್ವೀಕರಿಸಿದರು ಎಂಬ ಸಂದೇಶ ನಮ್ಮ ಮನೆಗಳ ಫೋನಿಗೆ ಎಷ್ಟು ಸಲ ಬಂದಿಲ್ಲ? ಆರ್ಮ್‌ಸ್ಟ್ರಾಂಗ್ ಇದನ್ನು ಸ್ಪಷ್ಟವಾಗಿ ಅಲ್ಲಗಳೆದಿದ್ದರು. 1983ರಲ್ಲಿ ಅಮೆರಿಕ ಸರ್ಕಾರ ಮುಸ್ಲಿಂ ದೇಶಗಳಲ್ಲಿನ ತನ್ನ ರಾಯಭಾರ ಕಚೇರಿಗಳಿಗೆ ಇದನ್ನು ಲಿಖಿತವಾಗಿ ತಿಳಿಸಬೇಕಾಯಿತು. ಗಾಳಿಯಿಲ್ಲದ ಚಂದ್ರನಲ್ಲಿ ಶಬ್ದ ಸಾಗುವುದೇ ಇಲ್ಲ ಎಂದು ನಾವೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ, ಮನೆಗೆ ಬಂದು ಸಂದೇಶ ಫಾರ್ವರ್ಡ್ ಮಾಡುತ್ತೇವೆ. ಸುದ್ದಿ ಬಂದರೆ ಮೊದಲು ವಿಚಾರಿಸಿ ನೋಡು ಎಂದು ಕುರ್‌ಆನ್ ಹೇಳಿದ್ದನ್ನು ಮದರಸಾದಲ್ಲಿ ಕಲಿತವರೂ ನಾವೇ.

ಗಗಾರಿನ್ ಜೀವನದ ಉಳಿದ ಏಳು ವರ್ಷ ಹೆಚ್ಚಾಗಿ ಮೆರವಣಿಗೆ, ಭಾಷಣ, ಹೂಮಾಲೆಗಳಲ್ಲಿ ಕಳೆಯಿತು. ಸುಮಾರು ಮೂವತ್ತು ದೇಶ ಸುತ್ತಿದರು. ಮ್ಯಾಂಚೆಸ್ಟರಿನಲ್ಲಿ ಎರಕದ ಕೆಲಸಗಾರರ ಸಂಘ ಅವರನ್ನು ತಮ್ಮವನೆಂದು ಕರೆಸಿಕೊಂಡಿತು. 1961ರ ಕೊನೆಯಲ್ಲಿ ಹೆಂಡತಿಯೊಂದಿಗೆ ಭಾರತಕ್ಕೂ ಬಂದು ಪ್ರಧಾನಿ ನೆಹರೂ ಅವರನ್ನು ಭೇಟಿಯಾದರು. ಹೋದಲ್ಲೆಲ್ಲ ಅದೇ ಪ್ರಶ್ನೆ, ಅದೇ ಒಪ್ಪಿಗೆ ಪಡೆದ ಉತ್ತರ, ಅದೇ ನಗು. ಅವರಿಗೆ ಬೇಕಾಗಿದ್ದು ಮತ್ತೆ ಹಾರುವುದು. ಆದರೆ ದೇಶಕ್ಕೆ ಅವರು ಒಡೆಯಬಾರದ ಗಾಜಿನ ವಸ್ತುವಾಗಿಬಿಟ್ಟಿದ್ದರು.

1967ರಲ್ಲಿ ಸೊಯೂಜ್ ಎಂಬ ಹೊಸ ನೌಕೆಯ ಮೊದಲ ಹಾರಾಟಕ್ಕೆ ಗೆಳೆಯ ವ್ಲಾದಿಮಿರ್ ಕೊಮರೊವ್ ಆಯ್ಕೆಯಾದರು, ಬದಲಿ ಚಾಲಕರಾಗಿ ಗಗಾರಿನ್. ಏಪ್ರಿಲ್ 24ರಂದು ಇಳಿಯುವಾಗ ಪ್ಯಾರಾಶೂಟ್ ಬಿಚ್ಚಿಕೊಳ್ಳದೆ ಕೊಮರೊವ್ ತೀರಿಕೊಂಡರು. ಆಮೇಲೆ ಗಗಾರಿನ್‌ಗೆ ಬಾಹ್ಯಾಕಾಶದ ಬಾಗಿಲು ಮುಚ್ಚಿತು. ಅವರು ಸುಮ್ಮನೆ ಕೂರಲಿಲ್ಲ. ಝುಕೊವ್‌ಸ್ಕಿ ಅಕಾಡೆಮಿಯಲ್ಲಿ ಓದು ಮುಂದುವರಿಸಿ 1968ರ ಫೆಬ್ರುವರಿಯಲ್ಲಿ ಎಂಜಿನಿಯರ್ ಆದರು. ಅವರ ಪ್ರಬಂಧದ ವಿಷಯ ರೆಕ್ಕೆಯಿರುವ, ವಿಮಾನದಂತೆ ಇಳಿಯಬಲ್ಲ ಬಾಹ್ಯಾಕಾಶ ನೌಕೆ. ಅಂಥದ್ದರಲ್ಲಿ ಹೋದವನು ಸೀಟಿನಿಂದ ಚಿಮ್ಮಿ ಹೊರಬರಬೇಕಾಗಿಲ್ಲ, ಹೇಗೆ ಇಳಿದೆ ಎಂದು ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ವೈದ್ಯ ವ್ಲಾದಿಮಿರ್ ಲೆಬೆದೆವ್ ಜೊತೆ ಸೇರಿ ಬಾಹ್ಯಾಕಾಶದಲ್ಲಿ ಮನುಷ್ಯನ ಮನಸ್ಸು ಹೇಗಿರುತ್ತದೆ ಎಂಬ ಬಗ್ಗೆ ಪುಸ್ತಕವನ್ನೂ ಬರೆದರು. ಒಂಟಿತನ, ನಿಶ್ಶಬ್ದ, ತೂಕವಿಲ್ಲದ ಸ್ಥಿತಿ, ಇಕ್ಕಟ್ಟಿನಲ್ಲಿ ಒಟ್ಟಿಗಿರುವ ಜನರ ಹೊಂದಾಣಿಕೆ ಎಲ್ಲವೂ ಅದರಲ್ಲಿ ಬರುತ್ತವೆ. ಭಾಷಣಗಳಲ್ಲಿ ಹೇಳಲಾಗದ ಎಷ್ಟೋ ಸಂಗತಿಗಳಿಗೆ ಆ ಪುಸ್ತಕದಲ್ಲಿ ಜಾಗ ಸಿಕ್ಕಿತು.

ಅದು 1968ರಲ್ಲಿ ಪ್ರಕಟವಾಯಿತು. ಅದೇ ವರ್ಷ ಮಾರ್ಚ್ 27ರಂದು, ತರಬೇತುದಾರ ವ್ಲಾದಿಮಿರ್ ಸೆರ್ಯೊಗಿನ್ ಜೊತೆ ಮಿಗ್-15 ಅಭ್ಯಾಸ ವಿಮಾನದಲ್ಲಿ ಹಾರುವಾಗ, ಕಿರ್ಜಾಚ್ ಪಟ್ಟಣದ ಹತ್ತಿರ ವಿಮಾನ ನೆಲಕ್ಕಪ್ಪಳಿಸಿ ಇಬ್ಬರೂ ಸತ್ತರು. ಗಗಾರಿನ್‌ಗೆ ಮೂವತ್ನಾಲ್ಕು ವರ್ಷ. ತನಿಖೆಯ ವರದಿಯನ್ನು ಇದರಲ್ಲೂ ಮುಚ್ಚಿಟ್ಟರು. ಮುಚ್ಚಿಟ್ಟ ಕಡೆ ವದಂತಿ ಹುಟ್ಟದೇ ಇರುತ್ತದೆಯೇ? ಬದುಕಿದ್ದಾಗ ಬಾಯಿಗೆ ಮಾತು ಹಾಕಿದ ಹಾಗೆ ಸಾವಿಗೂ ಹತ್ತಾರು ಕಥೆ ಕಟ್ಟಿದರು. ಅವರ ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿಟ್ಟರು. ಅವರು ಬೆಳೆದ ಗ್ಜಾತ್ಸ್ಕ್ ಪಟ್ಟಣಕ್ಕೆ ಅವರ ಹೆಸರಿಟ್ಟರು.

ಆಗ ಅವರ ಹಳೆಯ ಪತ್ರ ಹೊರಬಂತು. 1961ರ ಹಾರಾಟ ಸುಖವಾಗಿ ಮುಗಿದಿದ್ದರಿಂದ ಅದನ್ನು ಯಾರೂ ವಲೆಂಟೀನಾಗೆ ಕೊಟ್ಟಿರಲಿಲ್ಲ. ಬರೆದು ಏಳು ವರ್ಷವಾದ ಮೇಲೆ, ಗಂಡನ ಅಂತ್ಯಸಂಸ್ಕಾರ ಮುಗಿದ ಮೇಲೆ, ಅದು ಅವರ ಕೈ ಸೇರಿತು. ಅದರಲ್ಲಿದ್ದ ಸ್ವಾತಂತ್ರ್ಯವನ್ನು ಅವರು ಬಳಸಲಿಲ್ಲ, ಇನ್ನೊಂದು ಮದುವೆಯಾಗಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ಹಿರಿಯವರು ಕ್ರೆಮ್ಲಿನ್ ವಸ್ತುಸಂಗ್ರಹಾಲಯದ ಮುಖ್ಯಸ್ಥರಾದರು, ಕಿರಿಯವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ವಲೆಂಟೀನಾ 2020ರ ಮಾರ್ಚ್‌ನಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ ತೀರಿಕೊಂಡರು.